ನಡು ಬಾಗಿಸಿದ ಉಗಿದೈತ್ಯರು

ಕಬ್ಬು ಅರೆಯುವ ಕಾಲದಲ್ಲಿ ದಾವಣಗೆರೆ ಬಳಿಯ ಕುಕ್ಕುವಾಡದ ಸಕ್ಕರೆ ಕಾರ್ಖಾನೆ ಕಡೆ ಹೋದವರಿಗೆ ಈ ದೃಶ್ಯ ಹೊಸದಲ್ಲ. ಮುಂದೆ ಒಂದು ಟ್ರ್ಯಾಕ್ಟರು, ಅದರ ಬಾಲಕ್ಕೆ ಕಬ್ಬು ತುಂಬಿದ ಎರಡು ಟ್ರೇಲರು. ಆ ಉದ್ದ ನೋಡಿದರೆ ಊರ ತಿರುವಿನಲ್ಲಿ ಸಿಕ್ಕಿಕೊಳ್ಳಲೇಬೇಕು. ಆದರೆ ಸಿಕ್ಕಿಕೊಳ್ಳುವುದಿಲ್ಲ; ಕೊಂಡಿ ಇರುವಲ್ಲೆಲ್ಲ ಬಾಗಿ ದಾಟಿಬಿಡುತ್ತದೆ. ಅದೇ ಕಬ್ಬನ್ನು ಅಷ್ಟೇ ಉದ್ದದ ಒಂದೇ ಗಾಡಿಯಲ್ಲಿ ಹೇರಿದ್ದರೆ ಚಕ್ರಗಳು ರಸ್ತೆ ಬಿಟ್ಟು ಹೊಲಕ್ಕೆ ಇಳಿಯುತ್ತಿದ್ದವು.

ಈ ಕೊಂಡಿಯ ಉಪಾಯವನ್ನು ರೈಲು ಎಂಜಿನ್ನಿನ ಮೈಯೊಳಗೇ ಇಟ್ಟರೆ ಹೇಗೆ? ಜಗತ್ತಿನ ಅತಿ ದೊಡ್ಡ ಉಗಿ ಎಂಜಿನ್ನುಗಳು ಹುಟ್ಟಿದ್ದು ಈ ಪ್ರಶ್ನೆಯಿಂದ.

ಕುಕ್ಕುವಾಡದಿಂದ ಅಷ್ಟೇನೂ ದೂರವಿಲ್ಲದ ದಾವಣಗೆರೆ–ಹರಿಹರದ ಹಳಿಯ ಮೇಲೆ ಅಂಥ ದೈತ್ಯರು ಓಡಲಿಲ್ಲ. 1876–78ರ ಭೀಕರ ಬರದ ನೆನಪು ಆರುವ ಮೊದಲೇ ಹಾಕಲು ಹೊರಟ ಹಾದಿ ಅದು. ಸದರ್ನ್ ಮರಾಠಾ ರೈಲ್ವೆ ಕಂಪನಿ 1889ರಲ್ಲಿ ಹರಿಹರದವರೆಗೆ ಮೀಟರ್ ಗೇಜ್ ಹಳಿ ಮುಟ್ಟಿಸಿತು. ಖರ್ಚು ಕಡಿಮೆಯಾಗಬೇಕು, ಬರ ಬಂದ ಕಡೆಗೆ ಧಾನ್ಯ ಬೇಗ ತಲುಪಬೇಕು ಎಂಬುದೇ ಆಗಿನ ಲೆಕ್ಕ. ಸ್ವಾತಂತ್ರ್ಯಾನಂತರ ಈ ಹಾದಿಯಲ್ಲಿ ಜನರನ್ನು ಎಳೆದದ್ದು ವೈಪಿ, ಸರಕು ಎಳೆದದ್ದು ವೈಜಿ. 1990ರ ದಶಕದಲ್ಲಿ ಹಳಿ ಅಗಲವಾಯಿತು. ‘ಮೀಟರ್ ಗೇಜ್ ಅಲ್ಲವೇ, ಅದರ ಮೇಲೆ ಇನ್ನೆಷ್ಟು ದೊಡ್ಡ ಎಂಜಿನ್ ಓಡೀತು’ ಎಂಬ ಮಾತು ಇಂದಿಗೂ ಕೇಳುತ್ತದೆ. ಆ ಮಾತು ಅರ್ಧ ಮಾತ್ರ ಸರಿ.

ಎಂಜಿನ್ನಿನ ಎಳೆತಕ್ಕೆ ಒಂದು ಸರಳ ಮಿತಿಯಿದೆ. ನುಣುಪಾದ ಉಕ್ಕಿನ ಹಳಿಯ ಮೇಲೆ ನುಣುಪಾದ ಉಕ್ಕಿನ ಚಕ್ರ ಜಾರದಿರಬೇಕು. ಚಾಲಕ ಚಕ್ರಗಳ ಮೇಲೆ ಎಷ್ಟು ಭಾರವಿದೆಯೋ ಅದರ ಕಾಲುಭಾಗದಷ್ಟೇ ಎಳೆತ ಎಂದು ಸ್ಥೂಲವಾಗಿ ಲೆಕ್ಕ ಹಾಕಬಹುದು. ವೈಜಿಗೆ ಇದ್ದದ್ದು ನಾಲ್ಕು ಚಾಲಕ ಅಚ್ಚುಗಳು. ಒಂದೊಂದರ ಮೇಲೆ ಸುಮಾರು ಹತ್ತೂವರೆ ಟನ್. ಒಟ್ಟು 42 ಟನ್, ಎಳೆತ ಹತ್ತು–ಹನ್ನೊಂದು ಟನ್. ಹೆಚ್ಚು ಎಳೆಯಬೇಕೆಂದರೆ ಅಚ್ಚಿನ ಭಾರ ಹೆಚ್ಚಿಸಬೇಕು. ಅದಕ್ಕೆ ಹಳಿ, ಸೇತುವೆ ಬಲವಾಗಬೇಕು. ಇಲ್ಲವೇ ಅಚ್ಚುಗಳ ಸಂಖ್ಯೆ ಹೆಚ್ಚಿಸಬೇಕು. ಆಗ ಎಂಜಿನ್ ಉದ್ದವಾಗಿ ತಿರುವಿನಲ್ಲಿ ಬಾಗದು.

ಇದಕ್ಕೆ 1884ರಲ್ಲಿ ಪೇಟೆಂಟ್ ಪಡೆದು ಪರಿಹಾರ ಕೊಟ್ಟವನು ಅನಾತೋಲ್ ಮ್ಯಾಲೆ ಎಂಬ ಸ್ವಿಸ್ ಎಂಜಿನಿಯರ್. ಒಂದೇ ಬಾಯ್ಲರಿನ ಅಡಿಯಲ್ಲಿ ಎರಡು ಎಂಜಿನ್. ಹಿಂದಿನದು ಬಾಯ್ಲರಿಗೆ ಬಿಗಿದದ್ದು. ಮುಂದಿನದು ಕೀಲಿನ ಮೇಲೆ ಅತ್ತಿತ್ತ ಹೊರಳುವಂಥದು. ತೊಡಕೆಲ್ಲ ಇದ್ದದ್ದು ಉಗಿಯ ಕೊಳವೆಯಲ್ಲಿ. ಹೊರಳುವ ಭಾಗಕ್ಕೆ ಉಗಿ ಸೋರದಂತೆ ಸಾಗಿಸುವುದು ಹೇಗೆ? ಮ್ಯಾಲೆ ಜಾಣ. ಒತ್ತಡ ಹೆಚ್ಚಿದ ಹೊಸ ಉಗಿಯನ್ನು ಅಲುಗದ ಹಿಂದಿನ ಎಂಜಿನ್ನಿಗೆ ಕೊಟ್ಟ. ಅಲ್ಲಿ ದುಡಿದು ಒತ್ತಡ ಇಳಿದ ಉಗಿಯನ್ನು ಮಾತ್ರ ಬಾಗುವ ಕೊಳವೆಯ ಮೂಲಕ ಮುಂದಕ್ಕೆ ಕಳಿಸಿದ. ಅಮೆರಿಕನ್ನರು ಈ ಮಾದರಿಯನ್ನೇ ಬೆಳೆಸುತ್ತ ಹೋಗಿ, ಕೊನೆಗೆ ಎರಡೂ ಎಂಜಿನ್ನಿಗೆ ಹೊಸ ಉಗಿಯನ್ನೇ ಕೊಟ್ಟು, 1941ರಲ್ಲಿ ಯೂನಿಯನ್ ಪೆಸಿಫಿಕ್ ರೈಲ್ವೆಗೆ ‘ಬಿಗ್ ಬಾಯ್’ ತಂದರು. ಟೆಂಡರು ಸೇರಿ 40 ಮೀಟರ್ ಉದ್ದ, ಸುಮಾರು 540 ಟನ್ ತೂಕ. ಅದರ ಒಲೆಯ ತಳವೇ 150 ಚದರ ಅಡಿ, ನಮ್ಮ ಮನೆಗಳ ಒಂದು ಮಲಗುವ ಕೋಣೆಯಷ್ಟು! ಅಷ್ಟು ಬೆಂಕಿಗೆ ಸಲಿಕೆ ಹಿಡಿದು ಕಲ್ಲಿದ್ದಲು ಹಾಕುವುದು ಮನುಷ್ಯನಿಂದ ಆಗದ ಕೆಲಸ. ಯಂತ್ರದ ತಿರುಪೇ ತಳ್ಳಬೇಕು.

ಇನ್ನೊಂದು ದಾರಿ ಹಿಡಿದವನು ಇಂಗ್ಲೆಂಡಿನ ಹರ್ಬರ್ಟ್ ವಿಲಿಯಂ ಗ್ಯಾರೆಟ್. 1907ರಲ್ಲಿ ಪೇಟೆಂಟ್, 1909ರಲ್ಲಿ ಟಾಸ್ಮೇನಿಯಾಕ್ಕೆ ಮೊದಲ ಎಂಜಿನ್. ಕಟ್ಟಿದ್ದು ಮ್ಯಾಂಚೆಸ್ಟರಿನ ಬೇಯರ್ ಪೀಕಾಕ್ ಕಂಪನಿ. ಗ್ಯಾರೆಟ್‌ನ ವಿನ್ಯಾಸ ಅರ್ಥವಾಗಬೇಕಾದರೆ ಪಲ್ಲಕ್ಕಿಯನ್ನು ನೆನೆಯಬೇಕು. ಮುಂದೊಂದು, ಹಿಂದೊಂದು ಎಂಜಿನ್ ಹೊರುವವರಂತೆ. ನಡುವೆ ತೂಗುವ ಬಾಯ್ಲರು ಪಲ್ಲಕ್ಕಿಯಂತೆ. ಬಾಯ್ಲರಿನ ಕೆಳಗೆ ಚಕ್ರವೇ ಇಲ್ಲ. ಹಾಗಾಗಿ ಅದನ್ನು ಎಷ್ಟು ದಪ್ಪ ಬೇಕೋ ಅಷ್ಟು ದಪ್ಪ ಮಾಡಬಹುದು, ಒಲೆಯನ್ನು ಆಳವಾಗಿ ಇಳಿಸಬಹುದು. ತಿರುವಿನಲ್ಲಿ ಮ್ಯಾಲೆ ಎಂಜಿನ್ನಿನ ಮೂತಿ ಹೊರಕ್ಕೆ ಚಾಚುತ್ತದೆ. ಗ್ಯಾರೆಟ್‌ನ ಬಾಯ್ಲರು ಒಳಕ್ಕೆ ವಾಲಿ ಗಟ್ಟಿಯಾಗಿ ನಿಲ್ಲುತ್ತದೆ. ದೋಷವೂ ಉಂಟು. ನೀರು, ಕಲ್ಲಿದ್ದಲು ಇರುವುದು ಚಾಲಕ ಚಕ್ರಗಳ ಮೇಲೆಯೇ. ಅವು ಖರ್ಚಾದಂತೆ ಭಾರ ಇಳಿದು ಚಕ್ರ ಜಾರತೊಡಗುತ್ತದೆ. ಗ್ಯಾರೆಟ್ 1913ರಲ್ಲೇ ತೀರಿಕೊಂಡ. ತನ್ನ ಹೆಸರಿನ ದೈತ್ಯರನ್ನು ಆತ ನೋಡಲಿಲ್ಲ.

ಭಾರತಕ್ಕೆ ಗ್ಯಾರೆಟ್ ಬೇಗನೆ ಬಂತು. 1911ರಲ್ಲಿ ಡಾರ್ಜಿಲಿಂಗಿನ ಪುಟ್ಟ ಹಳಿಗೆ ಒಂದು. 1929ರ ನಂತರ ಬಂಗಾಳ ನಾಗಪುರ ರೈಲ್ವೆಯ ಬ್ರಾಡ್‌ಗೇಜಿಗೆ 234 ಟನ್ನಿನ ‘ಎನ್’ ವರ್ಗದ 16 ಎಂಜಿನ್ನುಗಳು. ಎರಡನೇ ಮಹಾಯುದ್ಧದಲ್ಲಿ ಅಸ್ಸಾಮಿನ ಮೀಟರ್ ಗೇಜ್ ಹಳಿಯ ಮೇಲೂ ಗ್ಯಾರೆಟ್‌ಗಳು ಯುದ್ಧಸಾಮಗ್ರಿ ಎಳೆದವು.

ಆದರೆ ಮೀಟರ್ ಗೇಜಿನ ನಿಜವಾದ ದೈತ್ಯನನ್ನು ನೋಡಲು ಕಡಲಾಚೆ ಹೋಗಬೇಕು. ಮೊಂಬಾಸಾದಿಂದ ಒಳನಾಡಿಗೆ 1896ರಿಂದ 1901ರವರೆಗೆ ರೈಲುಹಾದಿ ಹಾಕಿದ್ದು ಭಾರತದಿಂದ ಹೋದ ಸಾವಿರಾರು ಕೂಲಿಗಳು. ಅಳತೆಯೂ ಭಾರತದ್ದೇ, ಒಂದು ಮೀಟರ್. ಅದೇ ಹಾದಿಗೆ 1955–56ರಲ್ಲಿ ಬೇಯರ್ ಪೀಕಾಕ್ ‘59’ ವರ್ಗದ 34 ಗ್ಯಾರೆಟ್‌ಗಳನ್ನು ಕಳಿಸಿತು. ತೂಕ 252 ಟನ್. ಎಂಟು ಚಾಲಕ ಅಚ್ಚು, ಅಚ್ಚಿಗೆ ಸುಮಾರು 21 ಟನ್. ಎಳೆತ ಸುಮಾರು 38 ಟನ್, ಅಂದರೆ ಮೂರು ವೈಜಿಗಳಿಗಿಂತ ಹೆಚ್ಚು. ಸಮುದ್ರಮಟ್ಟದಿಂದ ಐದು ಸಾವಿರ ಅಡಿಗೂ ಮೇಲಿನ ನೈರೋಬಿಗೆ 1200 ಟನ್ ಸರಕನ್ನು ಒಂದೇ ಎಂಜಿನ್ ಹತ್ತಿಸುತ್ತಿತ್ತು. ಉರುವಲು ತೈಲವಾದ್ದರಿಂದ ಸಲಿಕೆಯ ಕಾಟವಿರಲಿಲ್ಲ. ದಾವಣಗೆರೆಯಲ್ಲಿ ಎರಡು ಹಳಿಗಳ ನಡುವೆ ಇದ್ದ ಅಂತರವೇ ಅಲ್ಲೂ ಇತ್ತು. ಬೇರೆಯಿದ್ದದ್ದು ಹಳಿಯ ತೂಕ. ನಮ್ಮ ಹಾದಿಯ ಕೈಕಟ್ಟಿದ್ದು ಅಗಲಕ್ಕಿಂತ ಹೆಚ್ಚಾಗಿ ಅದನ್ನು ಹಗುರವಾಗಿ, ಅಗ್ಗವಾಗಿ ಹಾಕಿದ ಆ ಮೊದಲ ಲೆಕ್ಕ.

ದೈತ್ಯ ಇಲ್ಲದ ಕಡೆ ಏನು ಮಾಡುತ್ತಿದ್ದರು? ಇದೇ ಮೀಟರ್ ಗೇಜ್ ಜಾಲದ ಕ್ಯಾಸಲ್‌ರಾಕ್ ಘಟ್ಟದಲ್ಲಿ ಸುಮಾರು 40 ಅಡಿಗೆ ಒಂದಡಿ ಏರು. ಅಲ್ಲಿ ರೈಲಿಗೆ ಒಂದಕ್ಕಿಂತ ಹೆಚ್ಚು ಎಂಜಿನ್ ಹೂಡಬೇಕಿತ್ತು. ಪ್ರತಿ ಎಂಜಿನ್ನಿಗೂ ಬೇರೆ ಚಾಲಕ, ಬೇರೆ ಬೆಂಕಿಯಾಳುಗಳು. ಮುಂದಿನವನ ಸೀಟಿ ಕೇಳಿ ಹಿಂದಿನವನು ಉಗಿ ಬಿಡಬೇಕು. ಸುರಂಗ ಹೊಕ್ಕರೆ ಮುಂದಿನ ಎಂಜಿನ್ನಿನ ಹೊಗೆಯೆಲ್ಲ ಹಿಂದಿನವರ ಮುಖಕ್ಕೆ. ಗ್ಯಾರೆಟ್ ಉಳಿಸುತ್ತಿದ್ದದ್ದು ಈ ಎರಡನೇ ತಂಡದ ಸಂಬಳವನ್ನು, ಜೊತೆಗೆ ಅವರ ಪುಪ್ಪುಸಗಳನ್ನು.

ಡೀಸೆಲ್ ಬಂದ ಮೇಲೆ ಈ ಲಾಭವೂ ಉಳಿಯಲಿಲ್ಲ. ಎರಡು–ಮೂರು ಡೀಸೆಲ್ ಎಂಜಿನ್ನುಗಳನ್ನು ತಂತಿಯಿಂದ ಜೋಡಿಸಿದರೆ ಒಬ್ಬನೇ ಚಾಲಕ ಎಲ್ಲವನ್ನೂ ನಡೆಸಬಲ್ಲ; ಭಾರ ಕಡಿಮೆಯಾದರೆ ಬಿಡಿಸಿ ಬೇರೆ ಕಡೆಗೆ ಕಳಿಸಬಹುದು. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಮೀಟರ್ ಗೇಜ್ ಹಾದಿ 1979ರಲ್ಲಿ ತೆರೆಯುವ ಹೊತ್ತಿಗೆ ಗ್ಯಾರೆಟ್ ಹಳೆಯ ಕಥೆಯಾಗಿತ್ತು.

ಬಿಗ್ ಬಾಯ್‌ಗಳಲ್ಲಿ 4014ನೆಯದು 2019ರಲ್ಲಿ ದುರಸ್ತಿಯಾಗಿ ಮತ್ತೆ ಹಳಿಗಿಳಿಯಿತು. ನಮ್ಮ ‘ಎನ್’ ವರ್ಗದ 815ನೆಯ ಗ್ಯಾರೆಟ್ ದೆಹಲಿಯ ರೈಲು ಮ್ಯೂಸಿಯಂನಲ್ಲಿ ನಿಂತಿದೆ. ಅಲ್ಲಿಗೆ ಹೋದವರು ಚಕ್ರಗಳನ್ನು ಎಣಿಸಿ ಸುಮ್ಮನಾಗದೆ, ಬಾಯ್ಲರಿನ ಎರಡು ತುದಿಗಳಲ್ಲಿ ಬಗ್ಗಿ ನೋಡಬೇಕು. ಕುಕ್ಕುವಾಡದ ಟ್ರೇಲರಿನ ಕೊಂಡಿಯ ಅಣ್ಣ ಅಲ್ಲಿದ್ದಾನೆ.