ಅತಿಥಿಗೆ ಇಡ್ಲಿ: ಸಾವಿರ ವರ್ಷದ ಕಥೆ



ಚಳಿಗಾಲ ಬಂತೆಂದರೆ ನಮ್ಮ ಮನೆಗಳಲ್ಲಿ ಒಂದೇ ಚಿಂತೆ. ಶನಿವಾರ ಹತ್ತು-ಹನ್ನೆರಡು ಜನರನ್ನು ಊಟಕ್ಕೆ ಕರೆದಿರುತ್ತೇವೆ. ಶುಕ್ರವಾರ ರುಬ್ಬಿಟ್ಟ ಹಿಟ್ಟು ಮಾತ್ರ ಉಬ್ಬುವುದೇ ಇಲ್ಲ! ಆಗ ರವೆ ಇಡ್ಲಿ ಮಾಡಿ, "ನಿಜವಾದ ಇಡ್ಲಿ ಮಾಡಲಾಗಲಿಲ್ಲ" ಎಂದು ಸಂಕೋಚಪಡುತ್ತೇವೆ. ಆದರೆ ನಿಜವಾದ ಇಡ್ಲಿ ಯಾವುದು?

ಕನ್ನಡದಲ್ಲಿ ಇಡ್ಲಿಯ ಹೆಸರು ಮೊದಲು ಸಿಗುವುದು ಸುಮಾರು ಕ್ರಿ.ಶ. 920ರ ಶಿವಕೋಟ್ಯಾಚಾರ್ಯರ 'ವಡ್ಡಾರಾಧನೆ'ಯಲ್ಲಿ, 'ಇಡ್ಡಲಿಗೆ' ಎಂಬ ರೂಪದಲ್ಲಿ. ಮನೆಗೆ ಬಂದ ಬ್ರಹ್ಮಚಾರಿಗೆ ಗೃಹಿಣಿ ಬಡಿಸಿದ ಹದಿನೆಂಟು ತಿನಿಸುಗಳಲ್ಲಿ ಅದೂ ಒಂದು ಎಂದು ಆಹಾರ ಇತಿಹಾಸಕಾರ ಕೆ.ಟಿ. ಅಚಯ ಗುರುತಿಸಿದ್ದಾರೆ. ಅಂದರೆ ಇಡ್ಲಿ ನಮ್ಮ ಸಾಹಿತ್ಯಕ್ಕೆ ಬಂದದ್ದೇ ಅತಿಥಿಸತ್ಕಾರದ ತಿಂಡಿಯಾಗಿ!

ಅದನ್ನು ಮಾಡುವ ಬಗೆಯನ್ನು 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ 'ಲೋಕೋಪಕಾರ'ದಲ್ಲಿ ಹೇಳಿದ್ದಾನೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರು, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಬೆರೆಸಬೇಕು. ಇದರಲ್ಲಿ ಅಕ್ಕಿಯೇ ಇಲ್ಲ! ಸುಮಾರು 1130ರಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಹೇಳುವ 'ಇಡ್ಡರಿಕಾ' ಕೂಡ ಉದ್ದಿನದೇ. ನಾವು 'ನಿಜ'ವೆಂದುಕೊಂಡಿರುವ ಅಕ್ಕಿ-ಉದ್ದಿನ ಹುಳಿ ಹಿಟ್ಟಿನ ಇಡ್ಲಿ ಅನಂತರದ್ದು.

ರವೆ ಇಡ್ಲಿಯ ಕಥೆ ಇನ್ನೂ ಹತ್ತಿರದ ಕಾಲದ್ದು. 1942ರಲ್ಲಿ ಜಪಾನ್ ಬರ್ಮಾವನ್ನು ವಶಪಡಿಸಿಕೊಂಡ ಮೇಲೆ ಅಲ್ಲಿಂದ ಭಾರತಕ್ಕೆ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅಕ್ಕಿಯ ಆ ಅಭಾವದಲ್ಲಿ ರವೆಯಿಂದ ಇಡ್ಲಿ ಮಾಡಿದವರು ತಾವೇ ಎಂದು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಂ.ಟಿ.ಆರ್. ಹೇಳಿಕೊಳ್ಳುತ್ತದೆ. ಮುಂದೆ 1975-77ರ ತುರ್ತು ಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಯ ಬೆಲೆಯನ್ನು ಸರ್ಕಾರ ತೀರಾ ಇಳಿಸಿದಾಗ, ಕೆಲಸಗಾರರನ್ನು ಉಳಿಸಿಕೊಳ್ಳಲು ಅದೇ ಸಂಸ್ಥೆ ಸಿದ್ಧ ಆಹಾರದ ಕಡೆಗೆ ತಿರುಗಿತು. ಇಂದು ನಮ್ಮ ಕಪಾಟಿನಲ್ಲಿರುವ ಪೊಟ್ಟಣಗಳ ಹಿಂದೆ ಹೀಗೆ ಒಂದು ಯುದ್ಧ, ಒಂದು ತುರ್ತು ಪರಿಸ್ಥಿತಿ ಇವೆ.

ಪೊಟ್ಟಣ ಬೇಡವೆನ್ನುವವರು ವಾರದ ಮೊದಲೇ ತಯಾರಿ ಮಾಡಿಕೊಳ್ಳಬಹುದು. ತುಪ್ಪದಲ್ಲಿ ಸಾಸಿವೆ, ಕಡಲೆಬೇಳೆ, ಗೋಡಂಬಿ ಒಗ್ಗರಣೆ ಹಾಕಿ, ಎರಡು ಲೋಟ ಉಪ್ಪಿಟ್ಟಿನ ರವೆ ಹುರಿದು, ಆರಿದ ಮೇಲೆ ಡಬ್ಬಿಗೆ ತುಂಬಿಡಿ. ಬೇಕಾದ ದಿನ ಎರಡು ಲೋಟ ಮೊಸರು, ಉಪ್ಪು, ಹೆಚ್ಚಿದ ಹಸಿಮೆಣಸಿನಕಾಯಿ, ಶುಂಠಿ, ಕೊತ್ತಂಬರಿ ಸೊಪ್ಪು ಬೆರೆಸಿ ಇಪ್ಪತ್ತು ನಿಮಿಷ ಬಿಡಿ. ಹಿಟ್ಟು ಗಟ್ಟಿಯಾದರೆ ಸ್ವಲ್ಪ ನೀರು ಸೇರಿಸಿ, ಕೊನೆಯಲ್ಲಿ ಅರ್ಧ ಟೀ ಚಮಚ ಅಡುಗೆ ಸೋಡಾ ಕಲಸಿ, ತಕ್ಷಣ ಹನ್ನೆರಡು ನಿಮಿಷ ಹಬೆಯಲ್ಲಿ ಬೇಯಿಸಿ. ಜೊತೆಗೆ ತರಕಾರಿ ಸಾಗು ಇದ್ದರೆ ಸಾಕು.

ಶ್ರಮಕ್ಕೆ ಹೆದರಿ ಒಬ್ಬರನ್ನೊಬ್ಬರು ಮನೆಗೆ ಕರೆಯುವುದನ್ನೇ ನಾವು ಕಡಿಮೆ ಮಾಡಿಕೊಳ್ಳುತ್ತಿದ್ದೇವೆ. ಊರಿಗೆ ಹೊಸದಾಗಿ ಬಂದ ಕುಟುಂಬಕ್ಕೆ ಹದಿನೆಂಟು ತಿನಿಸು ಬೇಕಿಲ್ಲ. "ಬನ್ನಿ, ಊಟಕ್ಕೆ" ಎಂಬ ಒಂದು ಕರೆ ಬೇಕು. ಸಾವಿರ ವರ್ಷದಲ್ಲಿ ಇಡ್ಲಿಯ ಹಿಟ್ಟು ಎಷ್ಟೋ ಸಲ ಬದಲಾಗಿದೆ, ಬಡಿಸುವ ಪದ್ಧತಿಯನ್ನು ಮಾತ್ರ ನಾವು ಬಿಡದಿರೋಣ.