ಎಂಬತ್ತು ಅಡಿಯ ಕಡಲು

ಬೆಕ್ಕೊಂದನ್ನು ಕಟ್ಟಿಹಾಕಿ ಸಾಯಿಸಿದ ಮಹಿಳೆಯ ಬಗ್ಗೆ ಪ್ರವಾದಿ ಮುಹಮ್ಮದ್(ಸ)ರು ಹೇಳಿದ ಮಾತು ಬಹುತೇಕರಿಗೆ ಗೊತ್ತು. ಆಕೆಯ ಅಪರಾಧ ಎರಡು. ಅದಕ್ಕೆ ಆಹಾರ ಕೊಡಲಿಲ್ಲ. ತಾನೇ ಹುಡುಕಿಕೊಳ್ಳಲಿ ಎಂದು ಬಿಡಲೂ ಇಲ್ಲ. ಈ ಎರಡನೆಯ ಅಪರಾಧವನ್ನು ಆಧುನಿಕ ಕಾನೂನು ಲೆಕ್ಕಕ್ಕೇ ಹಿಡಿಯದಿದ್ದರೆ ಏನಾಗುತ್ತದೆ? ಅಮೆರಿಕದ ಓರ್ಕಾ ಒಂದರ ಚರಿತ್ರೆ ಇದಕ್ಕೆ ಉತ್ತರ ಹೇಳುತ್ತದೆ.

ಓರ್ಕಾ ಡಾಲ್ಫಿನ್ ಕುಟುಂಬದ ಸಸ್ತನಿ. ವಾಷಿಂಗ್ಟನ್ ರಾಜ್ಯದ ಕಡಲಲ್ಲಿ ಬೇಸಿಗೆ ಕಳೆಯುವ ಓರ್ಕಾಗಳು ಜೀವನವಿಡೀ ತಾಯಿಯ ಬಳಗ ಬಿಡುವುದಿಲ್ಲ. 1970ರ ಆಗಸ್ಟ್‌ನಲ್ಲಿ ಅಲ್ಲಿನ ಪೆನ್ ಕೋವ್ ಎಂಬ ಕಿರುಕೊಲ್ಲಿಯಲ್ಲಿ ಸಿಡಿಮದ್ದು ಹಾರಿಸಿ, ಬೆದರಿಸಿ ಅವನ್ನು ಬಲೆಯೊಳಗೆ ಅಟ್ಟಲಾಯಿತು. ಸತ್ತ ಮರಿಗಳ ಹೊಟ್ಟೆ ಸೀಳಿ, ಕಲ್ಲು ತುಂಬಿ ಮುಳುಗಿಸಿದರು. ಸೆರೆ ಸಿಕ್ಕ, ಸುಮಾರು ನಾಲ್ಕು ವರ್ಷದ ಒಂದು ಹೆಣ್ಣುಮರಿ ದೇಶದ ಇನ್ನೊಂದು ತುದಿಯ ಮಯಾಮಿ ಸೀಕ್ವೇರಿಯಂ ಸೇರಿತು. ಅದರ ಹೆಸರು ಟೋಕಿಟೇ. ಪ್ರದರ್ಶನದ ಹೆಸರು ಲೋಲಿಟಾ.

ಅದರ ತೊಟ್ಟಿಯ ಉದ್ದ 80 ಅಡಿ, ಅತಿ ಆಳದಲ್ಲಿ 20 ಅಡಿ. ಅದರ ದೇಹವೇ ಸುಮಾರು 20 ಅಡಿ! ಜೊತೆಗಿದ್ದ ಹ್ಯೂಗೋ ಎಂಬ ಗಂಡು ಓರ್ಕಾ ಗೋಡೆಗೆ ತಲೆ ಅಪ್ಪಳಿಸಿಕೊಳ್ಳುತ್ತಿತ್ತು, 1980ರಲ್ಲಿ ಸತ್ತಿತು. ಆಮೇಲೆ ಟೋಕಿಟೇ ತನ್ನ ಜಾತಿಯ ಇನ್ನೊಂದು ಜೀವವನ್ನು ಕಾಣಲಿಲ್ಲ.

ಕಾನೂನು ಇರಲಿಲ್ಲವೇ? ಇತ್ತು. ಕಡಲ ಸಸ್ತನಿಗಳ ರಕ್ಷಣೆಯ ಕಾಯ್ದೆ 1972ರಲ್ಲಿ ಬಂತು. ಆದರೆ ಮೊದಲೇ ಸೆರೆಯಾದವುಗಳನ್ನು ಬಿಡಿಸಲಿಲ್ಲ. ಓರ್ಕಾದ ತೊಟ್ಟಿ ಕನಿಷ್ಠ 48 ಅಡಿ ಅಗಲವಿರಬೇಕೆಂಬ ನಿಯಮವಿತ್ತು. ಇಲ್ಲಿ ನಡುವೆ ಕಾಂಕ್ರೀಟಿನ ದಿಬ್ಬವಿದ್ದು, ಗೋಡೆಯಿಂದ ಅಲ್ಲಿಗೆ 35 ಅಡಿ ಮಾತ್ರ. ದಿಬ್ಬ ಅಡ್ಡಿಯಲ್ಲವೆಂದು ಅಧಿಕಾರಿಗಳು ಒಪ್ಪಿಕೊಂಡರು. ತೊಟ್ಟಿ ನಿಯಮಕ್ಕೆ ಹೊಂದದಿರಬಹುದೆಂದು ಸರಕಾರದ್ದೇ ಪರಿಶೋಧನಾ ವರದಿ ಹೇಳಿದ್ದು 2017ರಲ್ಲಿ. 2021ರ ತಪಾಸಣೆಯಲ್ಲಿ, ಕೆಡತೊಡಗಿದ ಮೀನು ತಿನ್ನಿಸಿದ್ದು, ಪಶುವೈದ್ಯರ ಸೂಚನೆ ಕಡೆಗಣಿಸಿದ್ದು ದಾಖಲಾಯಿತು. 2022ರಲ್ಲಿ ಹೊಸ ಮಾಲೀಕರ ಪರವಾನಗಿಯಿಂದ ಆ ತೊಟ್ಟಿಯನ್ನು ಕೈಬಿಡಲಾಯಿತು. ಪ್ರದರ್ಶನ ನಿಂತಿತು, ಅದರೊಂದಿಗೆ ಕೇಂದ್ರ ಸರಕಾರದ ಕಡ್ಡಾಯ ತಪಾಸಣೆಯೂ ತಪ್ಪಿತು!

ಇಷ್ಟರಲ್ಲಿ ವಾಷಿಂಗ್ಟನ್ನಿನ ಮೂಲನಿವಾಸಿ ಲಮ್ಮಿ ಜನ, ಅದು ತಮ್ಮ ಬಂಧು, ಮನೆಗೆ ಕಳಿಸಿ ಎಂದು ಹೋರಾಡುತ್ತಿದ್ದರು. 2023ರ ಮಾರ್ಚ್‌ನಲ್ಲಿ ಅದನ್ನು ಹುಟ್ಟಿದ ಕಡಲಿಗೆ ಮರಳಿಸುವ ಯೋಜನೆ ಪ್ರಕಟವಾಯಿತು. ಆಗಸ್ಟ್ 18ರಂದು ಟೋಕಿಟೇ ಸತ್ತಿತು. ಐವತ್ತಮೂರು ವರ್ಷಗಳ ಸೆರೆಯ ನಂತರ ತವರಿನ ನೀರು ಸೇರಿದ್ದು ಅದರ ಬೂದಿ.

ಅಡಿ ಎಷ್ಟು, ಮೀನು ಎಷ್ಟು ಎಂದು ಅಲ್ಲಿ ಎಲ್ಲರೂ ಅಳೆದರು. ಕೂಡಿಹಾಕುವ ಹಕ್ಕು ಕೊಟ್ಟವರು ಯಾರು ಎಂಬ ಪ್ರಶ್ನೆ ಯಾವ ನಮೂನೆಯಲ್ಲೂ ಇರಲಿಲ್ಲ. 2013ರಲ್ಲಿ ನಮ್ಮ ಕೇಂದ್ರ ಸರಕಾರ ಡಾಲ್ಫಿನ್ ಪ್ರದರ್ಶನ ಕೇಂದ್ರಗಳಿಗೆ ಅನುಮತಿ ಕೊಡಬಾರದೆಂದು ರಾಜ್ಯಗಳಿಗೆ ಸೂಚಿಸಿತು. ಅಂದರೆ ತೊಟ್ಟಿಯ ಅಳತೆಗಿಂತ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಮೊದಲೇ ಕೇಳಿತು. ಬೆಕ್ಕಿನ ವೃತ್ತಾಂತ ಹದಿನಾಲ್ಕು ಶತಮಾನಗಳ ಹಿಂದೆಯೇ ಕಲಿಸಿದ್ದು ಇದನ್ನೇ ಅಲ್ಲವೇ?