ಕೈಗೂ ಚಕ್ರಕ್ಕೂ ನಡುವಿನ ಸಡಿಲ

ಪಿಕಪ್ ಓಡಿಸುವವರ ಬಾಯಲ್ಲಿ ಆಗಾಗ ಕೇಳುವ ಮಾತೊಂದಿದೆ: ‘ಸ್ಟಿಯರಿಂಗ್ ಪ್ಲೇ ಬಂದಿದೆ.’ ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ತಕ್ಷಣ ಕೇಳುವುದಿಲ್ಲ. ನೇರ ರಸ್ತೆಯಲ್ಲೂ ಕೈ ಸುಮ್ಮನಿರುವಂತಿಲ್ಲ. ಈ ಸಡಿಲಕ್ಕೆ ಇನ್ನೂರು ವರ್ಷಗಳ ಚರಿತ್ರೆಯಿದೆ. ಅದು ತಿಳಿದರೆ ದುರಸ್ತಿಯನ್ನು ಎಲ್ಲಿಂದ ಶುರು ಮಾಡಬೇಕೆಂಬುದೂ ತಿಳಿಯುತ್ತದೆ ಎಂಬುದು ನನ್ನ ನಂಬಿಕೆ.

ನಮ್ಮ ಎತ್ತಿನ ಗಾಡಿಗೆ ಎರಡೇ ಚಕ್ರ. ತಿರುಗಿಸುವ ಕೆಲಸ ಎತ್ತುಗಳದು. ತೇರಿನ ಅಚ್ಚು ತಿರುಗುವುದಿಲ್ಲ, ಚಕ್ರದಡಿ ಮರದ ಬೆಣೆ ಕೊಟ್ಟು ದಿಕ್ಕು ಬದಲಿಸುತ್ತಾರೆ. ಯುರೋಪಿನ ನಾಲ್ಕು ಚಕ್ರದ ಸಾರೋಟಿನಲ್ಲಿ ಮುಂದಿನ ಅಚ್ಚು ಇಡಿಯಾಗಿ ನಡುವಿನ ಒಂದು ಗೂಟದ ಮೇಲೆ ತಿರುಗುತ್ತಿತ್ತು. ಜೋರಾಗಿ ತಿರುಗಿಸಿದರೆ ಗಾಡಿ ಮಗುಚುವ ಭಯ. ಅಚ್ಚು ನಿಂತಲ್ಲೇ ಇರಲಿ, ಎರಡು ಚಕ್ರಗಳೂ ತಂತಮ್ಮ ಗೂಟದ ಮೇಲೆ ತಿರುಗಲಿ ಎಂದು 1750ರ ದಶಕದ ಕೊನೆಯ ಹೊತ್ತಿಗೆ ಯೋಚಿಸಿದವನು ಇಂಗ್ಲೆಂಡಿನ ವೈದ್ಯ ಎರಾಸ್ಮಸ್ ಡಾರ್ವಿನ್, ವಿಕಾಸವಾದದ ಚಾರ್ಲ್ಸ್ ಡಾರ್ವಿನ್ನನ ಅಜ್ಜ. ಮ್ಯೂನಿಕ್‌ನ ಸಾರೋಟು ತಯಾರಕ ಗೇಯೋರ್ಗ್ ಲಾಂಕೆನ್‌ಶ್‌ಪೆರ್ಗರ್ ಅದನ್ನೇ ಸ್ವತಂತ್ರವಾಗಿ ರೂಪಿಸಿದ. 1818ರಲ್ಲಿ ಲಂಡನ್ನಿನಲ್ಲಿ ಅವನ ಪರವಾಗಿ ಪೇಟೆಂಟ್ ಪಡೆದವನು ರುಡಾಲ್ಫ್ ಆಕರ್‌ಮನ್ ಎಂಬ ಪ್ರಕಾಶಕ. ಪಠ್ಯಪುಸ್ತಕಗಳಲ್ಲಿ ಉಳಿದದ್ದು ಆಕರ್‌ಮನ್ ಹೆಸರೇ. ಕಾಗದದಲ್ಲಿ ಯಾರ ಹೆಸರಿದೆಯೋ ಕೀರ್ತಿ ಅವರದು.

ಈ ಹೊಸ ಏರ್ಪಾಟಿನಲ್ಲಿ ಒಂದು ಗೂಟದ ಜಾಗಕ್ಕೆ ಎರಡು ಕಿಂಗ್ ಪಿನ್, ಎರಡು ತೋಳು, ಅವೆರಡನ್ನೂ ಬೆಸೆಯುವ ಟೈ ರಾಡ್ ಬಂದವು. ಕೀಲುಗಳು ಹೆಚ್ಚಿದವು, ಕೀಲು ಇದ್ದಲ್ಲಿ ಸವೆತ ಇದ್ದೇ ಇದೆ. ಕಾರ್ಲ್ ಬೆನ್ಜ್ 1886ರಲ್ಲಿ ಮಾಡಿದ ಗಾಡಿಗೆ ಮೂರೇ ಚಕ್ರ. ನಾಲ್ಕು ಚಕ್ರದ ಗಾಡಿಯನ್ನು ತಿರುಗಿಸುವ ಬಗೆಗೆ ಅವನು ಪೇಟೆಂಟ್ ಪಡೆದದ್ದು 1893ರಲ್ಲಿ. ಆ ಕಾಲದ ಚಾಲಕರು ಹಿಡಿಯುತ್ತಿದ್ದುದು ದೋಣಿಯ ಚುಕ್ಕಾಣಿಯಂಥ ಕೋಲು. 1894ರ ಪ್ಯಾರಿಸ್–ರೂಆಂ ಪಂದ್ಯದಲ್ಲಿ ಆಲ್ಫ್ರೆಡ್ ವಾಶೆರಾನ್ ತನ್ನ ಪಾನಾರ್ ಗಾಡಿಗೆ ದುಂಡನೆಯ ಸ್ಟಿಯರಿಂಗ್ ಹಾಕಿಕೊಂಡು ಬಂದ.

1925ರಲ್ಲಿ ಫೋರ್ಡ್ ಕಂಪನಿ ಮಾಡೆಲ್ ಟಿ ಗಾಡಿಯನ್ನೇ ಪಿಕಪ್ ಆಗಿ 281 ಡಾಲರಿಗೆ ಮಾರಿತು. ಗಾಡಿಗಳ ಭಾರ ಹೆಚ್ಚಿದಂತೆ ಕೈಯ ಬಲ ಸಾಲದೆ ಸ್ಟಿಯರಿಂಗ್ ಬಾಕ್ಸ್‌ನ ಗಿಯರ್ ಅನುಪಾತವೂ ಹೆಚ್ಚಬೇಕಾಯಿತು. 1940ರ ಸುಮಾರಿಗೆ ಜನರಲ್ ಮೋಟಾರ್ಸ್‌ನ ಸ್ಯಾಗಿನಾ ವಿಭಾಗ ಸ್ಕ್ರೂ ಮತ್ತು ನಟ್ಟಿನ ನಡುವೆ ಉಕ್ಕಿನ ಗುಂಡುಗಳನ್ನು ಉರುಳಲು ಬಿಟ್ಟು ಘರ್ಷಣೆ ಇಳಿಸಿತು. ಪಿಕಪ್‌ಗಳಲ್ಲಿ ಈ ಬಾಕ್ಸ್ ದೀರ್ಘಕಾಲ ಉಳಿಯಿತು.

ಆದರೆ ಕೈಯ ಶ್ರಮ ಇಳಿಸಿದ ಅನುಪಾತವೇ ಸಡಿಲವನ್ನು ದೊಡ್ಡದು ಮಾಡುತ್ತದೆ. ಲೆಕ್ಕ ಹಾಕಿ ನೋಡಿ. ಚಕ್ರದ ತೋಳಿನ ಉದ್ದ 150 ಮಿ.ಮೀ., ಅನುಪಾತ 16ಕ್ಕೆ 1, ಸ್ಟಿಯರಿಂಗಿನ ವ್ಯಾಸ 400 ಮಿ.ಮೀ. ಎಂದುಕೊಳ್ಳೋಣ. ಟೈ ರಾಡ್ ಎಂಡ್ 1 ಮಿ.ಮೀ. ಸವೆದರೆ ಕೈಯಲ್ಲಿ ಸಿಗುವ ಸಡಿಲ ಸುಮಾರು 2 ಸೆಂಟಿಮೀಟರ್. ಕೈಗೆ ಸಿಗುವ ದೊಡ್ಡ ದೋಷದ ಮೂಲ ಕಣ್ಣಿಗೆ ಕಾಣದಷ್ಟು ಚಿಕ್ಕದಿರಬಹುದು, ದೂರದಲ್ಲೂ ಇರಬಹುದು.

ಗ್ಯಾರೇಜುಗಳಲ್ಲಿ ಅವಸರದ ಕೈ ಮೊದಲು ಹೋಗುವುದು ಬಾಕ್ಸಿನ ಮೇಲಿರುವ ಅಡ್ಜಸ್ಟಿಂಗ್ ಸ್ಕ್ರೂಗೆ, ಏಕೆಂದರೆ ಅದು ಎದುರಿಗೇ ಇದೆ. ತರಕಾರಿ ಸಾಗಿಸುವ ಪಿಕಪ್ ಒಂದನ್ನು ಹಿರಿಯ ಮೇಸ್ತ್ರಿಯೊಬ್ಬರು ಪರೀಕ್ಷಿಸುವುದನ್ನು ನಾನು ನೋಡಿದ್ದೇನೆ. ಅವರು ಸ್ಕ್ರೂ ಮುಟ್ಟಲಿಲ್ಲ. ಗಾಡಿ ನೆಲದ ಮೇಲೆಯೇ ಇರಲಿ ಎಂದು ಹುಡುಗನೊಬ್ಬನನ್ನು ಒಳಗೆ ಕೂರಿಸಿ, ‘ಸ್ವಲ್ಪ ಎಡ, ಸ್ವಲ್ಪ ಬಲ, ಅಲ್ಲಾಡಿಸ್ತಾ ಇರಪ್ಪಾ’ ಎಂದು ತಾವು ಅಡಿಗೆ ಹೋದರು. ಕಾಲಂ ಜಾಯಿಂಟ್, ಡ್ರಾಪ್ ಆರ್ಮ್, ಡ್ರ್ಯಾಗ್ ಲಿಂಕ್, ಟೈ ರಾಡ್ ಎಂಡ್ ಹೀಗೆ ಒಂದೊಂದರ ಮೇಲೂ ಕೈಯಿಟ್ಟರು. ಒಂದು ಕೀಲಿನ ಈಚೆ ಅಲುಗಾಡಿ ಆಚೆ ಅಲುಗದಿದ್ದರೆ ಸಡಿಲ ಅಲ್ಲಿದೆ. ಆಮೇಲೆ ಜಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ಕಿಂಗ್ ಪಿನ್, ಬಾಲ್ ಜಾಯಿಂಟ್, ಬೇರಿಂಗ್‌ಗಳನ್ನು ನೋಡಿದರು. ಅಕ್ಕಪಕ್ಕ ಹಿಡಿದು ಟೈ ರಾಡನ್ನು ಮತ್ತೆ ನೋಡಿದರು. ಆ ಗಾಡಿಯಲ್ಲಿ ಸವೆದಿದ್ದುದು ಒಂದು ಟೈ ರಾಡ್ ಎಂಡ್. ಬಾಕ್ಸ್ ನಿರಪರಾಧಿ.

ಬಾಕ್ಸೇ ಸವೆದಿದ್ದರೂ ಸ್ಕ್ರೂ ಬಿಗಿಯುವುದಕ್ಕೆ ಮಿತಿಯಿದೆ. ಗಾಡಿ ಹೆಚ್ಚು ಹೊತ್ತು ನೇರ ಓಡುವುದರಿಂದ ಹಲ್ಲುಗಳು ಸವೆಯುವುದು ನಡುವಿನಲ್ಲಿ. ಅಲ್ಲಿನ ಸಡಿಲ ಪೂರ್ತಿ ಹೋಗುವಷ್ಟು ಬಿಗಿದರೆ ಅಷ್ಟಾಗಿ ಸವೆಯದ ಬದಿಯ ಹಲ್ಲುಗಳು ತಿರುವಿನಲ್ಲಿ ಹಿಡಿದುಕೊಳ್ಳುತ್ತವೆ. ಘಾಟಿಯ ತಿರುವಿನಲ್ಲಿ ಬಿಗಿದು ನಿಲ್ಲುವ ಸ್ಟಿಯರಿಂಗ್ ಸಡಿಲ ಸ್ಟಿಯರಿಂಗಿಗಿಂತ ಕೆಟ್ಟದ್ದು.

ಅಮೆರಿಕದ ಇಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1926ರಲ್ಲೇ ಪವರ್ ಸ್ಟಿಯರಿಂಗ್ ಮಾಡಿ ತೋರಿಸಿದ್ದ. ಮಾರಾಟದ ಕಾರಿಗೆ ಅಂಥದ್ದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಮೂಲಕ. ಕೈಗೆ ಸುಖವಾಯಿತು, ನಿಜ. ಆದರೆ ತೈಲದ ಒತ್ತಡ ಸವೆದ ಕೀಲನ್ನು ಸರಿಪಡಿಸುವುದಿಲ್ಲ. ಹಗುರವಾದ ಸ್ಟಿಯರಿಂಗನ್ನು ಸರಿಯಾದ ಸ್ಟಿಯರಿಂಗ್ ಎಂದುಕೊಳ್ಳುವುದು ಸುಲಭ.

ಸವೆದ ಕೀಲು ಬದಲಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು; ಟೈ ರಾಡಿನ ಉದ್ದ ತುಸು ಬದಲಾದರೂ ಟೈರು ತಿನ್ನುತ್ತದೆ. ಕೊನೆಯ ಪರೀಕ್ಷೆ ಖಾಲಿ ರಸ್ತೆಯಲ್ಲಿ: ತಿರುವು ಮುಗಿದಾಗ ಹಿಡಿತ ಸಡಿಲಿಸಿದರೆ ಸ್ಟಿಯರಿಂಗ್ ತಾನಾಗಿ ನಡುವಿಗೆ ಮರಳಬೇಕು. ರಾತ್ರಿಯಿಡೀ ಮಾರುಕಟ್ಟೆಗೆ ಲೋಡು ಹೊತ್ತು ಓಡುವವನಿಗೂ, ಎದುರಿಗೆ ಬರುವವರಿಗೂ ಆ ಒಂದು ಮಿಲಿಮೀಟರ್ ಚಿಕ್ಕ ಅಳತೆಯಲ್ಲ.